ಒಬ್ಬರ ಅಂದಾಜಾ, ಟೀಮಿನ ಅಂದಾಜಾ? ಅಜೈಲ್ ಎಸ್ಟಿಮೇಶನ್‌ಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಸ್ಪ್ರಿಂಟ್ ಪ್ಲಾನಿಂಗ್ ಮೀಟಿಂಗ್. ಅಜೈಲ್‌ನಲ್ಲಿ ಸಾಫ್ಟ್‌ವೇರ್ ಕೆಲಸವನ್ನು ಕೆಲವೇ ವಾರಗಳ ತುಂಡುಗಳಾಗಿ ಮಾಡುತ್ತಾ ಹೋಗುತ್ತಾರೆ, ಆ ಒಂದೊಂದು ತುಂಡೇ ಸ್ಪ್ರಿಂಟ್. ಎಂಟು ಜನ ಕೂತಿದ್ದೆವು. ಸ್ಕ್ರೀನ್ ಮೇಲೆ ಒಂದು ಸ್ಟೋರಿ, ಅಂದರೆ ಮಾಡಬೇಕಾದ ಒಂದು ಕೆಲಸದ ವಿವರ. ಅದನ್ನು ಪೂರ್ತಿ ಓದುವ ಮೊದಲೇ ಟೀಮ್ ಲೀಡ್, "ಇದೇನು, ಎರಡು ದಿನದ ಕೆಲಸ ಅಲ್ವಾ?" ಅಂದರು. ಎಲ್ಲರೂ ತಲೆಯಾಡಿಸಿದೆವು. ನಾನೂ ಆಡಿಸಿದೆ. ಆ ಕೆಲಸ ಮುಗಿದಿದ್ದು ಒಂಬತ್ತನೇ ದಿನ. ಆಮೇಲೆ ಟೆಸ್ಟರ್ ಮೆಲ್ಲಗೆ ಹೇಳಿದರು: "ನನಗೆ ಅವತ್ತೇ ಡೌಟ್ ಇತ್ತು. ಎಲ್ಲರೂ ಹೂಂ ಅಂದ್ರಲ್ಲ ಅಂತ ಸುಮ್ನಾದೆ."

ಟೂಲ್‌ನಲ್ಲಿ ಅದು ಟೀಮಿನ ಅಂದಾಜು ಅಂತಲೇ ದಾಖಲಾಗಿದೆ. ಅಸಲಿಗೆ ಅದು ಒಬ್ಬರ ಅಂದಾಜು, ಮಿಕ್ಕ ಏಳು ಜನ ರುಜು ಹಾಕಿದ್ದು. ಗುಂಪಿನ ಎಸ್ಟಿಮೇಶನ್ ವೇಸ್ಟ್ ಅಂತ ಬೈಯುವವರಲ್ಲಿ ಜಾಸ್ತಿ ಜನ ಇಂಥ ಮೀಟಿಂಗ್‌ಗಳನ್ನೇ ನೋಡಿರುತ್ತಾರೆ. ನನ್ನ ಅನುಭವದಲ್ಲಿ ಸರಿಹೋದ ದಾರಿ ಒಂದೇ. ಯೋಚನೆ ಒಬ್ಬೊಬ್ಬರೇ ಮಾಡಬೇಕು, ನಂಬರ್ ಒಟ್ಟಿಗೆ ತೋರಿಸಬೇಕು, ಮಾತು ಆಮೇಲೆ. ಜೊತೆಗೆ, ಯಾವ ಸ್ಟೋರಿಗೆ ಇಷ್ಟೆಲ್ಲ ಬೇಕು, ಯಾವುದಕ್ಕೆ ಒಬ್ಬರೇ ಸಾಕು ಅನ್ನುವುದನ್ನು ನಿಮ್ಮದೇ ಲೆಕ್ಕದಿಂದ ಕಂಡುಕೊಳ್ಳಬೇಕು.

ಮೊದಲು, ಯಾವುದು ಏನು

ಒಬ್ಬರೇ ಅಂದಾಜು ಹಾಕುವುದಕ್ಕೆ ಮುಖ್ಯವಾಗಿ ಮೂರು ದಾರಿ ಇವೆ. ಒಂದು, ಅನುಭವದ ಮೇಲೆ ಹೇಳುವುದು. ಎಲ್ಲರೂ ಮಾಡುವುದು ಇದನ್ನೇ. ಎರಡು, ಹಿಂದೆ ಮಾಡಿದ ಇಂಥದೇ ಕೆಲಸದ ಜೊತೆ ಹೋಲಿಸಿ ಹೇಳುವುದು. ಮೂರನೆಯದು ಮೂರು ಅಂಕಿಗಳ ಲೆಕ್ಕ. ಇದು ಪರ್ಟ್ ಜೊತೆ ಬಂದದ್ದು. ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ 1958ರ ಹೊತ್ತಿಗೆ ರೂಪುಗೊಂಡ ಪದ್ಧತಿ ಅದು. ಎಲ್ಲ ಸರಿಹೋದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು ಅಂತ ಮೂರು ಅಂಕಿ ಬರೆಯಿರಿ. ನಡುವಿನದನ್ನು ನಾಲ್ಕರಿಂದ ಗುಣಿಸಿ, ಮಿಕ್ಕ ಎರಡನ್ನು ಕೂಡಿಸಿ, ಆರರಿಂದ ಭಾಗಿಸಿ. 2, 4, 12 ಅಂತ ಇದ್ದರೆ 2 + 16 + 12 = 30, ಅಂದರೆ 5 ದಿನ. ನೀವು ಬಾಯಿಬಿಟ್ಟು ಹೇಳುತ್ತಿದ್ದದ್ದು 4. ಆ ಹೆಚ್ಚುವರಿ ಒಂದು ದಿನ 12ರಿಂದ ಬಂತು. ನಿಜ ಹೇಳಬೇಕೆಂದರೆ ಸೂತ್ರಕ್ಕಿಂತ ಆ ಮೂರನೇ ಅಂಕಿಯೇ ಉಪಯೋಗ. "ಎಲ್ಲ ಕೆಟ್ಟರೆ" ಅಂತ ಯಾರಾದರೂ ಕೇಳುವವರೆಗೆ ನಾವು ಕೆಡಬಹುದಾದ್ದನ್ನು ಯೋಚಿಸುವುದೇ ಇಲ್ಲ.

ಗುಂಪಿನ ವಿಧಾನಗಳ ಹಿರಿಯಜ್ಜ ಡೆಲ್ಫಿ. 1950ರ ದಶಕದಲ್ಲಿ ರ್‍ಯಾಂಡ್ ಕಾರ್ಪೊರೇಶನ್ ಅನ್ನುವ ಅಮೆರಿಕದ ಸಂಶೋಧನಾ ಸಂಸ್ಥೆಯಲ್ಲಿ ಶುರುವಾದದ್ದು. ಅದರಲ್ಲಿ ತಜ್ಞರು ಎದುರುಬದುರು ಕೂರುವುದೇ ಇಲ್ಲ. ಹೆಸರು ಹಾಕದೆ ಉತ್ತರ ಕೊಡುತ್ತಾರೆ, ಎಲ್ಲರ ಉತ್ತರ ನೋಡಿದ ಮೇಲೆ ಇನ್ನೊಂದು ಸುತ್ತು ಕೊಡುತ್ತಾರೆ. 1970ರ ದಶಕದಲ್ಲಿ ಬ್ಯಾರಿ ಬೋಮ್ ಮತ್ತು ಅವರ ಜೊತೆಗಾರರು ಸುತ್ತುಗಳ ನಡುವೆ ಮಾತುಕತೆ ಸೇರಿಸಿದರು. ಅದೇ ವೈಡ್‌ಬ್ಯಾಂಡ್ ಡೆಲ್ಫಿ. 2002ರಲ್ಲಿ ಜೇಮ್ಸ್ ಗ್ರೆನ್ನಿಂಗ್ ಅದನ್ನು ಇಸ್ಪೀಟಿನಷ್ಟು ಸರಳ ಮಾಡಿ ಪ್ಲಾನಿಂಗ್ ಪೋಕರ್ ಅಂದರು, ಮೈಕ್ ಕೋನ್ ಅದನ್ನು ಎಲ್ಲೆಡೆ ಹಬ್ಬಿಸಿದರು. ಎಲ್ಲರೂ ಒಂದೊಂದು ನಂಬರ್ ಕಾರ್ಡ್ ಗುಟ್ಟಾಗಿ ಆರಿಸಿ, ಒಟ್ಟಿಗೆ ತೆರೆದು ತೋರಿಸುವುದೇ ಆಟ. ಕಾರ್ಡ್‌ಗಳ ಮೇಲೆ ಇರುವುದು ಸಾಮಾನ್ಯವಾಗಿ 1, 2, 3, 5, 8, 13, 20, 40, 100. ಇವು ದಿನಗಳಲ್ಲ, ಕೆಲಸ ಎಷ್ಟು ದೊಡ್ಡದು ಅಂತ ಹೇಳುವ ಪಾಯಿಂಟ್‌ಗಳು. ಅಂಕಿ ದೊಡ್ಡದಾದಷ್ಟೂ ನಡುವಿನ ಅಂತರ ಜಾಸ್ತಿ. ದೊಡ್ಡ ಕೆಲಸದಲ್ಲಿ 21 ಆಗುತ್ತಾ 22 ಆಗುತ್ತಾ ಅಂತ ಜಗಳ ಆಡುವುದರಲ್ಲಿ ಅರ್ಥ ಇಲ್ಲ ಅಂತ ಕಾರ್ಡೇ ಹೇಳಿಬಿಡುತ್ತದೆ.

ಇನ್ನು ಟೀ-ಶರ್ಟ್ ಸೈಜ್, ಅಫಿನಿಟಿ ಎಸ್ಟಿಮೇಶನ್ (ಒಂದೇ ಗಾತ್ರದವನ್ನು ಒಟ್ಟು ಹಾಕುವುದು). ನೂರಾರು ಸ್ಟೋರಿ ಇರುವ ಬ್ಯಾಕ್‌ಲಾಗ್ (ಬಾಕಿ ಕೆಲಸಗಳ ಪಟ್ಟಿ) ಅನ್ನು ಒಂದೇ ಮಧ್ಯಾಹ್ನದಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಅಂತ ವಿಂಗಡಿಸಲು ಇವು ಚೆನ್ನಾಗಿವೆ. ಸ್ಪ್ರಿಂಟಿಗೆ ಎಷ್ಟು ಕೆಲಸ ಹಿಡಿಸುತ್ತದೆ ಅಂತ ಹೇಳಲು ಸಾಲವು.

ಒಬ್ಬರೇ ಹಾಕಿದರೆ ಏನು ಕೆಡುತ್ತದೆ

ನಮ್ಮ ಕೆಲಸದ ಬಗ್ಗೆ ನಮಗೇ ಆಸೆ ಜಾಸ್ತಿ. ಮನಃಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಇದಕ್ಕೆ ಪ್ಲಾನಿಂಗ್ ಫ್ಯಾಲಸಿ ಅಂತ ಹೆಸರಿಟ್ಟರು. 1994ರ ಒಂದು ಅಧ್ಯಯನದಲ್ಲಿ ಥೀಸಿಸ್ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ 33.9 ದಿನ ಅಂದರು. ಹಿಡಿದದ್ದು 55.5 ದಿನ. ತಮಾಷೆ ಏನೆಂದರೆ, ಬೇರೆಯವರ ಕೆಲಸಕ್ಕೆ ಅಂದಾಜು ಹಾಕುವಾಗ ಈ ಆಸೆ ಅಷ್ಟಾಗಿ ಅಡ್ಡ ಬರುವುದಿಲ್ಲ. ನಿಮ್ಮ ಪಕ್ಕದವರ ಸ್ಟೋರಿ ಯಾಕೆ ತಡವಾಗುತ್ತದೆ ಅಂತ ನಿಮಗೆ ಚೆನ್ನಾಗಿ ಗೊತ್ತು, ಅಲ್ವಾ?

ಇನ್ನೊಂದು ಕುತ್ತು, ಒಬ್ಬರಿಗೆ ಕಾಣುವುದು ಒಂದೇ ಮೂಲೆ. ಬ್ಯಾಕೆಂಡ್‌ನವರು ಎಪಿಐ ಬರೆಯುವ ಹೊತ್ತು ಹೇಳುತ್ತಾರೆ. ಟೆಸ್ಟ್ ಡೇಟಾ ತಯಾರಿಸುವುದು, ರಿವ್ಯೂಗೆ ಕಾಯುವುದು, ಡಿಪ್ಲಾಯ್ ಮಾಡುವುದು ಅವರ ಲೆಕ್ಕದಲ್ಲಿ ಇರುವುದಿಲ್ಲ.

ಗುಂಪಿನಲ್ಲಿ ಹಾಕಿದರೆ ಏನು ಕೆಡುತ್ತದೆ

ಮೊದಲು ಬಾಯಿಗೆ ಬಂದ ನಂಬರ್ ಎಲ್ಲರನ್ನೂ ತನ್ನತ್ತ ಎಳೆಯುತ್ತದೆ. 1974ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ಅದೂ ಇದೇ ಟ್ವೆರ್ಸ್ಕಿ ಮತ್ತು ಕಾನೆಮನ್ ಜೋಡಿಯದು. ಜನರೆದುರು ಒಂದು ಚಕ್ರ ತಿರುಗಿಸಿದರು, ಅದು 10 ಅಥವಾ 65ರಲ್ಲಿ ನಿಂತಿತು. ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟಿವೆ ಅಂತ ಕೇಳಿದರು. 10 ಕಂಡವರ ನಡುವಿನ ಉತ್ತರ 25, 65 ಕಂಡವರದು 45. ಚಕ್ರಕ್ಕೂ ಪ್ರಶ್ನೆಗೂ ಸಂಬಂಧವೇ ಇಲ್ಲ! ಹಾಗಿರುವಾಗ ಟೀಮ್ ಲೀಡ್ ಬಾಯಿಂದ ಬಂದ "ಎರಡು ದಿನ" ಎಷ್ಟು ಎಳೆದೀತು, ನೀವೇ ಲೆಕ್ಕ ಹಾಕಿ.

ಎರಡನೆಯದು ಎಲ್ಲರ ಎದುರು ಬೇರೆ ಮಾತು ಆಡುವ ಮುಜುಗರ. 1950ರ ದಶಕದಲ್ಲಿ ಮನಃಶಾಸ್ತ್ರಜ್ಞ ಸೋಲೊಮನ್ ಆಶ್ ಕಣ್ಣಿಗೆ ನೇರವಾಗಿ ಕಾಣುವ ಗೆರೆಗಳ ಉದ್ದ ಹೋಲಿಸಲು ಕೊಟ್ಟಾಗಲೂ, ಮಿಕ್ಕವರೆಲ್ಲ ಬೇಕೆಂದೇ ತಪ್ಪು ಹೇಳಿದರೆ, ಸುಮಾರು ಮೂರರಲ್ಲಿ ಒಂದು ಉತ್ತರ ಗುಂಪಿನ ಹಿಂದೆಯೇ ಹೋಯಿತು. ಗುಂಪಿನಲ್ಲಿ ಒಬ್ಬರೇ ಒಬ್ಬರು ಸರಿ ಉತ್ತರ ಹೇಳಿದರೂ ಈ ಸಂಖ್ಯೆ ಧಡಕ್ಕನೆ ಇಳಿಯಿತು. ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಮೀಟಿಂಗೇ ಬೇಡ, ಎಲ್ಲರಿಂದ ಗುಟ್ಟಾಗಿ ನಂಬರ್ ತಗೊಂಡು ಸರಾಸರಿ ಹಾಕಿದರೆ ಮುಗೀತಲ್ಲ ಅಂತ ಕೇಳುವವರಿದ್ದಾರೆ. ಫ್ರಾನ್ಸಿಸ್ ಗಾಲ್ಟನ್ 1907ರಲ್ಲಿ ಬರೆದ ಎತ್ತಿನ ಕತೆಯನ್ನು ಅವರು ತೆಗೆಯುತ್ತಾರೆ. ಜಾತ್ರೆಯಲ್ಲಿ 787 ಜನ ಒಂದು ಎತ್ತಿನ ತೂಕ ಊಹಿಸಿದರು, ನಡುವಿನ ಊಹೆ 1,207 ಪೌಂಡ್, ನಿಜವಾದ ತೂಕ 1,198. ಭೇಷ್. ಆದರೆ ಅಲ್ಲಿ ಕೆಲವರು ಜಾಸ್ತಿ ಹೇಳಿದರು, ಕೆಲವರು ಕಡಿಮೆ ಹೇಳಿದರು, ಎರಡೂ ಒಂದಕ್ಕೊಂದು ವಜಾ ಆಯಿತು. ಸಾಫ್ಟ್‌ವೇರ್ ಟೀಮಿನಲ್ಲಿ ತಪ್ಪುವವರೆಲ್ಲ ಒಂದೇ ಕಡೆ ತಪ್ಪುತ್ತಾರೆ. ಆರು ಜನ ಆಸೆಬುರುಕರ ಸರಾಸರಿ ತೆಗೆದರೆ ಸಿಗುವುದೂ ಆಸೆಯೇ. ನಾರ್ವೆಯಲ್ಲಿ ಯೋರ್ಗೆನ್ಸೆನ್ ಮತ್ತು ಸಹೋದ್ಯೋಗಿಗಳು ಸಾಫ್ಟ್‌ವೇರ್ ಕೆಲಸಗಾರರನ್ನೇ ಇಟ್ಟುಕೊಂಡು ನೋಡಿದಾಗ, ಕೂತು ಚರ್ಚಿಸಿದ ಮೇಲೆ ಬಂದ ಅಂದಾಜು ಒಬ್ಬೊಬ್ಬರ ಅಂದಾಜಿನ ಸರಾಸರಿಗಿಂತ ಕಡಿಮೆ ಆಸೆಬುರುಕವಾಗಿತ್ತು. ಅಂದರೆ ಮಾತಿಗೆ ಬೆಲೆ ಇದೆ. ಅದು ಸರಿಯಾದ ಹೊತ್ತಿಗೆ ಬರಬೇಕು, ಅಷ್ಟೇ.

ಹಂತ 1: ನಂಬರ್ ಯಾಕೆ ಬೇಕು ಅಂತ ಕೇಳಿ

ಮುಂದಿನ ಎರಡು ವಾರಕ್ಕೆ ಏನು ತಗೊಳ್ಳೋಣ ಅನ್ನುವುದಕ್ಕೋ, ಆರು ತಿಂಗಳ ರಿಲೀಸ್‌ಗೋ, ಈ ಫೀಚರ್ ಮಾಡೋದಾ ಬೇಡವಾ ಅನ್ನುವುದಕ್ಕೋ? ಕೊನೆಯದಕ್ಕೆ ಅನುಭವಸ್ಥರೊಬ್ಬರು ಅರ್ಧ ಗಂಟೆ ಕೂತು "ಎರಡರಿಂದ ನಾಲ್ಕು ತಿಂಗಳು" ಅಂದರೆ ಸಾಕು. ಇಡೀ ಟೀಮನ್ನು ಕೂರಿಸುವುದು ದಂಡ.

ಹಂತ 2: ಅಳತೆಗೋಲು ಹುಡುಕಿ

ಈಗಾಗಲೇ ಮುಗಿಸಿದ ಎರಡು ಮೂರು ಸ್ಟೋರಿಗಳನ್ನು ಆರಿಸಿ ಗೋಡೆಗೆ ಅಂಟಿಸಿ. ಇದು 2, ಇದು 5, ಇದು 13. ಎಲ್ಲರಿಗೂ ಚೆನ್ನಾಗಿ ನೆನಪಿರುವ ಸ್ಟೋರಿಗಳೇ ಆಗಿರಲಿ. ಇದಿಲ್ಲದೆ ಪೋಕರ್ ಆಡಿದರೆ ಒಬ್ಬರ 5 ಇನ್ನೊಬ್ಬರ 8 ಆಗಿರುತ್ತದೆ, ಇಬ್ಬರೂ ಒಂದೇ ಮಾತು ಹೇಳುತ್ತಿದ್ದರೂ ಹತ್ತು ನಿಮಿಷ ವಾದ ನಡೆಯುತ್ತದೆ. ಆರು ತಿಂಗಳಿಗೊಮ್ಮೆ ಹಳೆಯದನ್ನು ಕಿತ್ತು ಹೊಸದು ಹಾಕಿ, ಹೊಸಬರಿಗೆ ಹಳೆಯದು ಗೊತ್ತಿರುವುದಿಲ್ಲ.

ಹಂತ 3: ಪ್ರಶ್ನೆ ಕೇಳಲು ಬಿಡಿ, ನಂಬರ್ ಹೇಳಲು ಬಿಡಬೇಡಿ

ಪ್ರಾಡಕ್ಟ್ ಓನರ್, ಅಂದರೆ ಏನು ಮಾಡಬೇಕು ಅಂತ ತೀರ್ಮಾನಿಸುವವರು, ಸ್ಟೋರಿ ವಿವರಿಸುತ್ತಾರೆ. ಟೀಮ್ ಪ್ರಶ್ನೆ ಕೇಳುತ್ತದೆ. ಈ ಹೊತ್ತಿನಲ್ಲಿ "ಇದು ಸುಲಭ", "ಇದು ಚಿಕ್ಕದು", "ಹೋದ ಸಲದ್ದೇ ತಾನೇ" ಇವು ಕೂಡ ನಂಬರ್‌ಗಳೇ. ನಡೆಸಿಕೊಡುವವರು ಅಲ್ಲೇ ತಡೆಯಬೇಕು. ಹಿರಿಯರನ್ನು ತಡೆಯುವುದು ಕಷ್ಟ, ಗೊತ್ತು. ಮೀಟಿಂಗ್‌ಗೆ ಮುಂಚೆ ಒಬ್ಬರೇ ಇರುವಾಗ ಹೋಗಿ, "ಸರ್, ನಿಮ್ಮ ನಂಬರ್ ಮೊದಲು ಕೇಳಿಬಿಟ್ರೆ ಬೇರೆಯವರು ಯೋಚನೆನೇ ಮಾಡಲ್ಲ, ಕೊನೆಗೆ ಹೇಳ್ತೀರಾ?" ಅಂತ ಕೇಳಿ. ಹೀಗೆ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ.

ಪ್ರಾಡಕ್ಟ್ ಓನರ್ ಮತ್ತು ಮ್ಯಾನೇಜರ್ ಕಾರ್ಡ್ ಎತ್ತುವುದು ಬೇಡ. ಸ್ಕ್ರಮ್ ಅನ್ನುವ ಅಜೈಲ್ ಪದ್ಧತಿಯ ಕೈಪಿಡಿಯಾದ 2020ರ ಸ್ಕ್ರಮ್ ಗೈಡ್ ಕೂಡ ಕೆಲಸ ಮಾಡುವ ಡೆವಲಪರ್‌ಗಳೇ ಸೈಜ್ ಹೇಳಬೇಕು ಅನ್ನುತ್ತದೆ. ಅದರ ಪ್ರಕಾರ ಟೆಸ್ಟರ್‌ಗಳೂ ಡೆವಲಪರ್‌ಗಳ ಲೆಕ್ಕಕ್ಕೇ ಬರುತ್ತಾರೆ, ಅವರನ್ನು ಬಿಡಬೇಡಿ.

ಹಂತ 4: ಒಂದು ನಿಮಿಷ ಮೌನ, ಆಮೇಲೆ ಒಟ್ಟಿಗೆ ತೆರೆಯಿರಿ

ಆ ಒಂದು ನಿಮಿಷವೇ ಒಬ್ಬರ ಅಂದಾಜು. ಕಾಗದದ ಮೇಲೆ ನಂಬರ್ ಜೊತೆ "ಏನು ಕೆಡಬಹುದು" ಅಂತ ಒಂದು ಸಾಲು ಬರೆಯಲು ಹೇಳಿ. ಬರೆದದ್ದನ್ನು ಅಳಿಸಲು ನಾಚಿಕೆ ಆಗುತ್ತದೆ, ಮನಸ್ಸಿನಲ್ಲಿ ಇದ್ದದ್ದನ್ನು ಬದಲಿಸಲು ನಾಚಿಕೆ ಆಗುವುದಿಲ್ಲ. ಅದಕ್ಕೇ ಬರೆಯಲೇಬೇಕು.

ಹಂತ 5: ಅಂತರ ಇದ್ದಲ್ಲಿ ಅಗೆಯಿರಿ

ನಾನು ಈ ವಿಧಾನಕ್ಕೆ ಅಂಟಿಕೊಂಡದ್ದು ಈ ಹಂತದಿಂದ. ಲಾಗಿನ್‌ಗೆ ಓಟಿಪಿ ಸೇರಿಸುವ ಒಂದು ಸ್ಟೋರಿ ಇತ್ತು. ಕಾರ್ಡ್ ತೆರೆದಾಗ 3, 3, 5, 13. ಸರಾಸರಿ 6. ಯಾರೋ "ಸರಿ, 5 ಹಾಕೋಣ, ಮುಂದಕ್ಕೆ ಹೋಗೋಣ" ಅಂದರು. ನಡೆಸುತ್ತಿದ್ದವರು ಬಿಡಲಿಲ್ಲ, 13 ಎತ್ತಿದ ಟೆಸ್ಟರ್ ಕಡೆ ತಿರುಗಿ "ನಿಮಗೆ ಏನು ಕಾಣ್ತಿದೆ?" ಅಂತ ಕೇಳಿದರು.

"ಓಟಿಪಿ ಕಳಿಸೋದು ಸುಲಭ. ಕಳಿಸೋದು ಯಾವ ನಂಬರಿಗೆ? ಹಳೇ ಯೂಸರ್‌ಗಳ ಫೋನ್ ನಂಬರ್ ಬರೀ ಟೆಕ್ಸ್ಟ್ ಫೀಲ್ಡ್‌ನಲ್ಲಿದೆ. ಕೆಲವರು ದೇಶದ ಕೋಡ್ ಹಾಕಿಲ್ಲ, ಕೆಲವರು ನಡುವೆ ಗೆರೆ ಹಾಕಿದಾರೆ, ಒಂದೇ ಫೀಲ್ಡ್‌ನಲ್ಲಿ ಎರಡು ನಂಬರ್ ತುಂಬಿದವರೂ ಇದಾರೆ. ಹೋದ ತಿಂಗಳು ಬೇರೆ ಬಗ್ ನೋಡುವಾಗ ಕಣ್ಣಿಗೆ ಬಿತ್ತು."

ರೂಮು ಗಪ್‌ಚಿಪ್. 3 ಎತ್ತಿದವರ ಕಾರಣವೂ ಚೆನ್ನಾಗಿತ್ತು. ಓಟಿಪಿ ಕಳಿಸುವ ಲೈಬ್ರರಿ ಇನ್ನೊಂದು ಪ್ರಾಜೆಕ್ಟ್‌ನಲ್ಲಿ ರೆಡಿ ಇತ್ತು, ಅದು ಟೆಸ್ಟರ್‌ಗೆ ಗೊತ್ತಿರಲಿಲ್ಲ. ಸ್ಟೋರಿ ಎರಡಾಯಿತು: ನಂಬರ್ ಶುದ್ಧ ಮಾಡುವುದು 8, ಓಟಿಪಿ 3. ಸರಾಸರಿ ಹಾಕಿದ್ದರೆ ಈ ಎರಡೂ ಸುದ್ದಿ ಹೂತುಹೋಗುತ್ತಿದ್ದವು. ಹಾಗಾಗಿ ತೀರಾ ಕಡಿಮೆ ಹೇಳಿದವರು ಮತ್ತು ತೀರಾ ಜಾಸ್ತಿ ಹೇಳಿದವರು ಮಾತ್ರ ಮೊದಲು ಮಾತಾಡಲಿ. "ಯಾಕೆ ಅಷ್ಟೊಂದು?" ಅಂತ ಕೇಳಬೇಡಿ, ಅದು ಜವಾಬು ಕೇಳಿದಂತೆ ಇರುತ್ತದೆ. ಆಶ್ ಪ್ರಯೋಗದ ಆ ಒಬ್ಬ ನೆನಪಿದೆಯಾ? ಬೇರೆ ಹೇಳಿದ ಒಬ್ಬರನ್ನು ಮರ್ಯಾದೆಯಿಂದ ಕೇಳಿಸಿಕೊಂಡರೆ ಮುಂದಿನ ಸ್ಟೋರಿಗೆ ಇನ್ನಿಬ್ಬರು ಬಾಯಿ ಬಿಡುತ್ತಾರೆ.

ಹಂತ 6: ಎರಡೇ ಸುತ್ತು

ಮತ್ತೆ ಒಂದು ಸಲ ಕಾರ್ಡ್ ಎತ್ತಿ. ಹತ್ತಿರ ಬಂತಾ, ದೊಡ್ಡದನ್ನು ಬರೆದುಕೊಂಡು ಮುಂದೆ ಹೋಗಿ. ಬರಲಿಲ್ಲವಾ, ಮೂರನೇ ಸುತ್ತು ಆಡಬೇಡಿ, ಏಕೆಂದರೆ ಆಗ ಬರುವ ಒಮ್ಮತ ಸುಸ್ತಿನದು. ಸ್ಟೋರಿ ಒಡೆಯಿರಿ, ಅಥವಾ ಒಬ್ಬರಿಗೆ ಒಂದು ದಿನ ಕೊಟ್ಟು ಪರೀಕ್ಷಿಸಿ ನೋಡಲು ಹೇಳಿ.

ಹಂತ 7: ಒಬ್ಬರೇ ಸಾಕಾಗುವ ಕಡೆ ಒಬ್ಬರಿಗೇ ಬಿಡಿ

ಪ್ರೊಡಕ್ಷನ್‌ನಲ್ಲಿ ಬೆಂಕಿ ಬಿದ್ದಾಗ, ಒಬ್ಬರಿಗಷ್ಟೇ ಗೊತ್ತಿರುವ ಹಳೆಯ ಮಾಡ್ಯೂಲ್‌ನಲ್ಲಿ, ಅರ್ಧ ದಿನದ ಸಣ್ಣಪುಟ್ಟ ಕೆಲಸಗಳಲ್ಲಿ ಗುಂಪು ಬೇಡ. ಗೊತ್ತಿಲ್ಲದ ಐದು ಜನರ ವೋಟು ಗೊತ್ತಿರುವ ಒಬ್ಬರ ಅಂದಾಜನ್ನು ಸುಧಾರಿಸುವುದಿಲ್ಲ. ಅಂಥ ಕಡೆ ಆ ಒಬ್ಬರಿಂದ ಮೂರು ಅಂಕಿ ಬರೆಸಿ, ಇನ್ನೊಬ್ಬರು ಅದನ್ನು ಓದಿ "ಇದೊಂದು ಬಿಟ್ಟಿದೀರಿ" ಅಂತ ಹೇಳಲು ಹತ್ತು ನಿಮಿಷ ಕೊಡಿ.

ಹಂತ 8: ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯಿರಿ

ನಾಲ್ಕು ಸ್ಪ್ರಿಂಟ್ ಸಾಕು. ಒಂದು ಶೀಟ್ ತೆರೆಯಿರಿ. ಪ್ಲಾನಿಂಗ್‌ಗೆ ಮುಂಚೆ, ಕೆಲಸ ಮಾಡಬಹುದಾದ ಒಬ್ಬರು ತಮ್ಮ ಅಂದಾಜು ಬರೆಯಲಿ, ಬೇರೆಯವರಿಗೆ ಕಾಣದಂತೆ. ಆಮೇಲೆ ಟೀಮಿನ ಅಂದಾಜು. ಕೊನೆಗೆ ನಿಜವಾಗಿ ಹಿಡಿದದ್ದು. ಈ ಪ್ರಯೋಗದ ಮಟ್ಟಿಗೆ ಪಾಯಿಂಟ್ ಬಿಟ್ಟು ದಿನಗಳಲ್ಲೇ ಬರೆಯಿರಿ, ಪಾಯಿಂಟನ್ನು ದಿನದ ಜೊತೆ ನೇರವಾಗಿ ಹೋಲಿಸಲು ಆಗುವುದಿಲ್ಲ.

ಉದಾಹರಣೆಗೆ ಆರು ಸ್ಟೋರಿ ಅಂದುಕೊಳ್ಳಿ. ಒಬ್ಬರ ಅಂದಾಜು 2, 3, 1, 5, 4, 2. ಟೀಮಿನದು 3, 4, 1, 8, 5, 2. ಹಿಡಿದದ್ದು 4, 3, 1, 9, 6, 2. ಒಟ್ಟು ನೋಡಿದರೆ 17, 23, 25. ಒಬ್ಬರದನ್ನೇ ನಂಬಿದ್ದರೆ ಎಂಟು ದಿನ ಏರುಪೇರು, ಟೀಮಿನದನ್ನು ನಂಬಿದ್ದರೆ ಎರಡು. ಆದರೆ ಇಲ್ಲಿಗೇ ನಿಲ್ಲಬೇಡಿ. ಮೂರನೇ ಮತ್ತು ಆರನೇ ಸ್ಟೋರಿ ನೋಡಿ, ಎರಡೂ ಅಂದಾಜು ಒಂದೇ. ಅಲ್ಲಿ ಮೀಟಿಂಗ್ ಸುಮ್ನೆ. ಎರಡನೆಯದರಲ್ಲಂತೂ ಟೀಮೇ ತಪ್ಪಿ, ಒಬ್ಬರೇ ಸರಿ. ದೊಡ್ಡ ಸ್ಟೋರಿಗಳಲ್ಲಿ ಮಾತ್ರ ಟೀಮಿನ ಲಾಭ ಎದ್ದು ಕಾಣುತ್ತದೆ.

ಖರ್ಚನ್ನೂ ಬರೆಯಿರಿ. ಆರು ಜನ ಒಂದೂವರೆ ಗಂಟೆ ಕೂತರೆ ಒಂಬತ್ತು ಗಂಟೆ ಕೆಲಸ ಹೋಯಿತು. ಒಬ್ಬರೇ ಸ್ಟೋರಿಗೆ ಹತ್ತು ನಿಮಿಷದಂತೆ ಮಾಡಿದ್ದರೆ ಒಂದು ಗಂಟೆ. ಆ ಎಂಟು ಗಂಟೆಗೆ ಪ್ರತಿಯಾಗಿ ಏನು ಸಿಕ್ಕಿತು ಅನ್ನುವುದೇ ನಿಮ್ಮ ಹೋಲಿಕೆ.

ಲೆಕ್ಕದಲ್ಲಿ ಎರಡು ಕಡೆ ಕಾಲು ಜಾರುತ್ತದೆ. ತಪ್ಪಿದ್ದನ್ನು ನಿಜವಾಗಿ ಹಿಡಿದ ದಿನಗಳಿಂದ ಭಾಗಿಸಿ ಶೇಕಡಾ ತೆಗೆಯುವುದು ರೂಢಿ. ಅದರಲ್ಲಿ ಕಡಿಮೆ ಹೇಳಿದವರ ತಪ್ಪು ಎಷ್ಟೇ ಆದರೂ 100 ದಾಟುವುದಿಲ್ಲ, ಜಾಸ್ತಿ ಹೇಳಿದವರದು 300 ಕೂಡ ಆಗಬಹುದು. ಅಂದರೆ ಆ ಅಳತೆಯೇ ಆಸೆಬುರುಕರ ಪರ. ಅದರ ಬದಲು ಹಿಡಿದ ದಿನವನ್ನು ಅಂದಾಜಿನಿಂದ ಭಾಗಿಸಿ, ಬಂದದ್ದನ್ನೆಲ್ಲ ಸಾಲಾಗಿ ಜೋಡಿಸಿ ನಡುವಿನದನ್ನು ನೋಡಿ. ಮೇಲಿನ ಉದಾಹರಣೆಯಲ್ಲಿ ಒಬ್ಬರದು 1.25, ಟೀಮಿನದು 1.06. 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಇನ್ನೊಂದು, ಎಂಟು ದಿನ ಅಂತ ಗೊತ್ತಿದ್ದರೆ ಕೆಲಸವೂ ಎಂಟು ದಿನಕ್ಕೆ ಹಿಗ್ಗುತ್ತದೆ. ಹಾಗಾಗಿ ಟೀಮಿನ ಅಂದಾಜು ಸ್ವಲ್ಪ ಚೆನ್ನಾಗೇ ಕಾಣುತ್ತದೆ, ಅಷ್ಟು ಅನುಮಾನ ಇಟ್ಟುಕೊಳ್ಳಿ.

ಈ ಶೀಟನ್ನು ಯಾರ ಅಪ್ರೈಸಲ್‌ಗೂ ತಾಗಿಸಬೇಡಿ. ತಾಗಿಸಿದ ದಿನವೇ ಎಲ್ಲರ ನಂಬರ್ ದುಪ್ಪಟ್ಟಾಗುತ್ತದೆ, ಶೀಟ್ ತೆಗೆದು ಬಿಸಾಕಬಹುದು.

ಹಂತ 9: ನಿಮ್ಮ ಗೆರೆ ಎಳೆದುಕೊಳ್ಳಿ

ನಾಲ್ಕು ಸ್ಪ್ರಿಂಟ್ ಆದಮೇಲೆ ಎರಡೂ ಅಂದಾಜು ಎಲ್ಲಿಯವರೆಗೆ ಜೊತೆಗಿದ್ದವು, ಎಲ್ಲಿಂದ ದೂರ ಸರಿದವು ಅಂತ ನೋಡಿ. ನಮ್ಮಲ್ಲಿ ಎರಡು ದಿನಕ್ಕಿಂತ ಕಡಿಮೆ ಅನಿಸಿದ್ದನ್ನು ಒಬ್ಬರಿಗೇ ಬಿಟ್ಟೆವು. ಅದಕ್ಕಿಂತ ದೊಡ್ಡದು, ಇಬ್ಬರಿಗಿಂತ ಜಾಸ್ತಿ ಜನ ಮುಟ್ಟುವಂಥದ್ದು, ಯಾರೂ ಹಿಂದೆ ಮಾಡದೇ ಇದ್ದದ್ದು ಮಾತ್ರ ಕಾರ್ಡ್‌ಗೆ ಬಂತು. ಮೀಟಿಂಗ್ ಅರ್ಧಕ್ಕೆ ಇಳಿಯಿತು. ನಿಮ್ಮ ಗೆರೆ ಬೇರೆ ಕಡೆ ಬೀಳಬಹುದು.

ದೂರದಲ್ಲಿ ಕೂತು ಕೆಲಸ ಮಾಡುವ ಟೀಮಾದರೆ ಟೂಲ್ ಹುಡುಕುತ್ತಾ ಕೂರಬೇಡಿ. ಚಾಟ್‌ನಲ್ಲಿ ಎಲ್ಲರೂ ನಂಬರ್ ಟೈಪ್ ಮಾಡಿ, ಎಂಟರ್ ಒತ್ತದೆ ಕಾಯಲಿ. ಒಬ್ಬರು ಮೂರು ಎಣಿಸಿದ ಮೇಲೆ ಎಲ್ಲರೂ ಒಟ್ಟಿಗೆ ಒತ್ತಲಿ. ಪ್ರತಿ ಸಲ ಒಂದೆರಡು ಸೆಕೆಂಡ್ ತಡವಾಗಿ ಒತ್ತುವವರು ಒಬ್ಬರಾದರೂ ಇರುತ್ತಾರೆ, ಅವರ ನಂಬರ್ ಯಾವಾಗಲೂ ಲೀಡ್ ನಂಬರ್‌ಗೆ ಸರಿಯಾಗಿ ಹೊಂದುತ್ತದೆ. ನೆಟ್ ಸ್ಲೋ ಅನ್ನುತ್ತಾರೆ. ಮುಂದಿನ ಸ್ಟೋರಿಗೆ ಅವರನ್ನೇ ಮೂರು ಎಣಿಸಲು ಕೂರಿಸಿ.